ಪ್ರವಾಸವೆಂಬ ವಿದ್ಯೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಕನ್ನಡಿಗರ ಹಳೆಯ ಗಾದೆ. ಹಿರಿಯರು ಈ ಎರಡು ಕೆಲಸಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದಾರೆ. ಕೋಶವನ್ನು ಓದುವ ಬಗೆಯನ್ನು ಕಲಿಸಲು ಶಾಲೆಗಳಿವೆ, ಗುರುಗಳಿದ್ದಾರೆ, ಪರೀಕ್ಷೆಗಳಿವೆ. ದೇಶವನ್ನು ಸುತ್ತುವ ಬಗೆಯನ್ನು ಕಲಿಸುವವರು ವಿರಳ. ಕೈಯಲ್ಲಿ ಹಣವಿದ್ದರೆ ಯಾರು ಬೇಕಾದರೂ ಸುತ್ತಬಹುದೆಂದು ಲೋಕ ಭಾವಿಸಿದೆ. ಆದರೆ ಹಾಳೆ ತಿರುವಿದವರೆಲ್ಲ ಪುಸ್ತಕ ಓದಿದವರಾಗುವುದಿಲ್ಲ. ಅಂತೆಯೇ ಊರು ತಿರುಗಿದವರೆಲ್ಲ ದೇಶ ಕಂಡವರಾಗುವುದಿಲ್ಲ. ಪ್ರವಾಸವೂ ಒಂದು ವಿದ್ಯೆ. ಅದನ್ನು ಕಲಿಯಬೇಕು, ಕಲಿಯುವುದಕ್ಕೆ ವಿನಯ ಬೇಕು.

ಹಿಂದೆ ಕಾಶಿಗೆ ಹೊರಟವರನ್ನು ಊರಿನ ಜನ ಗಡಿಯವರೆಗೆ ನಡೆದು ಕಳುಹಿಸಿ ಬರುತ್ತಿದ್ದರು. ಹೋದವರು ಹಿಂದಿರುಗುವುದು ದೈವಾಧೀನವಾಗಿತ್ತು. ಇಂದು ಬೆಂಗಳೂರಿನಲ್ಲಿ ವಿಮಾನವೇರಿದವನು ಅದೇ ದಿನ ಯೂರೋಪಿನಲ್ಲಿ ಇಳಿಯಬಲ್ಲ. ಅಲ್ಲಿ ಅವನಿಗಾಗಿ ಬಸ್ಸು ಕಾದಿರುತ್ತದೆ. ಬಸ್ಸಿನಲ್ಲಿ ಅವನ ಊರಿನವರೇ ಕುಳಿತಿರುತ್ತಾರೆ. ಕೆಲವು ಪ್ರವಾಸ ಕಂಪನಿಗಳು ಅಡುಗೆಯವರನ್ನೂ ಜೊತೆಗೆ ಕರೆದೊಯ್ಯುತ್ತವೆ. ಆದಕಾರಣ ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ಸಾರು ಯಾವುದೂ ತಪ್ಪುವುದಿಲ್ಲ. ಹತ್ತು ದಿನಗಳಲ್ಲಿ ಐದಾರು ದೇಶಗಳು ಕಿಟಕಿಯಾಚೆ ಹಾದುಹೋಗುತ್ತವೆ. ಹೆಸರಾಂತ ಗೋಪುರದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಆತ ಊರಿಗೆ ಮರಳುತ್ತಾನೆ. ಅಲ್ಲಿಯ ಒಬ್ಬ ಮನುಷ್ಯನ ಹೆಸರನ್ನಾದರೂ ಆತ ಕೇಳಿದ್ದನೇ ಎಂದು ವಿಚಾರಿಸಿದರೆ ಉತ್ತರ ದೊರೆಯುವುದು ಕಷ್ಟ.

ಇಂತಹ ಪ್ರವಾಸವು ನಿಷ್ಪ್ರಯೋಜಕವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಯೋವೃದ್ಧರಿಗೆ, ದೇಹಾಲಸ್ಯವುಳ್ಳವರಿಗೆ, ಮೊದಲ ಬಾರಿಗೆ ಹೊರನಾಡಿಗೆ ಹೊರಟು ಅಂಜುವವರಿಗೆ ಗುಂಪಿನ ಆಸರೆ ದೊಡ್ಡ ಧೈರ್ಯ. ಜೀವಮಾನವಿಡೀ ದುಡಿದ ದಂಪತಿಗಳು ಹಿಮಪರ್ವತವನ್ನು ಒಮ್ಮೆ ಕಂಡು ಹಿಗ್ಗಿದರೆ ಅದನ್ನು ಹಗುರವಾಗಿ ಕಾಣಲಾಗದು. ಆದರೆ ಇದು ಪ್ರವಾಸದ ಮೊದಲ ಮೆಟ್ಟಿಲು. ಇಲ್ಲಿ ಕೆಲಸ ಮಾಡುವ ಇಂದ್ರಿಯ ಕಣ್ಣೊಂದೇ. ಮುಂದಿನ ಮೆಟ್ಟಿಲುಗಳನ್ನೇರಲು ಕಾಲು, ಕಿವಿ, ನಾಲಗೆ ಈ ಮೂರೂ ಬೇಕು. ಕಾಲಿದ್ದವನು ಬೀದಿಯಲ್ಲಿ ನಡೆಯುತ್ತಾನೆ. ಕಿವಿಯಿದ್ದವನು ಅಲ್ಲಿಯವರ ಮಾತನ್ನು ಆಲಿಸುತ್ತಾನೆ. ನಾಲಗೆಗೆ ಎರಡು ಕೆಲಸಗಳಿವೆ: ಅಲ್ಲಿಯ ನುಡಿಯ ನಾಲ್ಕು ಮಾತನ್ನು ಆಡುವುದು, ಅಲ್ಲಿಯ ಅನ್ನದ ರುಚಿಯನ್ನು ಅರಿಯುವುದು. ತನ್ನ ದಾರಿಯನ್ನು ತಾನೇ ಹುಡುಕಿಕೊಂಡು, ಒಂದೆಡೆ ಕೆಲವು ದಿನ ನೆಲೆನಿಂತು, ಆ ಜನರ ಬದುಕಿನೊಳಗೆ ಅತಿಥಿಯಾಗಿ ಪ್ರವೇಶಿಸುವವನೇ ನಿಜವಾದ ಪ್ರವಾಸಿ.

ಇಂತಹ ಪ್ರವಾಸಿಗಳಿಂದ ಕನ್ನಡ ನಾಡಿಗೆ ಆದ ಉಪಕಾರ ಸಣ್ಣದಲ್ಲ. ಮೊರಾಕ್ಕೊ ದೇಶದ ಇಬ್ನ್ ಬತೂತನು 1325ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಮೆಕ್ಕಾ ಯಾತ್ರೆಗೆಂದು ಮನೆ ಬಿಟ್ಟನು. ಯಾತ್ರೆ ಮುಗಿದರೂ ಅವನ ತಿರುಗಾಟ ಮುಗಿಯಲಿಲ್ಲ. ಸುಮಾರು 29 ವರ್ಷಗಳ ಕಾಲ ಆತ ಲೋಕವನ್ನು ಸುತ್ತಿದನು. 1342ರ ಸುಮಾರಿಗೆ ಅವನು ಪಶ್ಚಿಮ ಕರಾವಳಿಯ ಹೊನ್ನಾವರಕ್ಕೆ ಬಂದನು. ಆ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗಾಗಿ 13 ಶಾಲೆಗಳೂ ಗಂಡುಮಕ್ಕಳಿಗಾಗಿ 23 ಶಾಲೆಗಳೂ ಇದ್ದುದನ್ನು ಕಂಡು ಬೆರಗಾಗಿ, ಇಂತಹುದನ್ನು ಬೇರೆಲ್ಲಿಯೂ ನೋಡಿರಲಿಲ್ಲವೆಂದು ಹೇಳಿದ್ದಾನೆ. ಬಂದರಿಗೆ ಬಂದಿಳಿದವನು ಹಡಗುಗಳನ್ನು ಎಣಿಸಬಹುದಿತ್ತು. ಆತ ಶಾಲೆಗಳನ್ನು ಎಣಿಸಿದನು. ಆದುದರಿಂದಲೇ ಆರೂಮುಕ್ಕಾಲು ಶತಮಾನಗಳ ಹಿಂದೆ ಆ ಊರಿನ ಹುಡುಗಿಯರು ಓದುತ್ತಿದ್ದರೆಂಬ ಸಂಗತಿ ಇಂದಿಗೂ ಉಳಿದಿದೆ.

ಅದೇ ಸೀಮೆಯಲ್ಲಿ ಸುಮಾರು 280 ವರ್ಷಗಳ ತರುವಾಯ ಇನ್ನೊಬ್ಬ ಪ್ರವಾಸಿ ಸಂಚರಿಸಿದನು. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಈತ 1614ರಲ್ಲಿ ಇಟಲಿಯನ್ನು ಬಿಟ್ಟು, ಹೋದಲ್ಲಿ ನೆಲೆಸಿ, ತುರ್ಕಿ, ಪಾರಸಿ, ಅರಬ್ಬಿ ಭಾಷೆಗಳನ್ನು ಕಲಿತಿದ್ದನು. 1623ರಲ್ಲಿ, ಪೋರ್ಚುಗೀಸರ ರಾಯಭಾರಿಯೊಡನೆ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟು ಗೇರುಸೊಪ್ಪೆಯ ಕಡೆಯಿಂದ ಘಟ್ಟ ಹತ್ತುತ್ತಿದ್ದಾಗ, ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡನು. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಹುಡುಗರು ಪಾಠವನ್ನು ರಾಗವಾಗಿ ಒಟ್ಟಿಗೆ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಬರೆಯುತ್ತಿದ್ದರು. ಗುರುಗಳಿಲ್ಲವಲ್ಲ, ಮರೆತರೆ ತಿದ್ದುವವರು ಯಾರು ಎಂದು ಆತ ಕೇಳಿದನು. ನಾಲ್ವರೂ ಏಕಕಾಲಕ್ಕೆ ಮರೆಯುವುದು ಅಸಾಧ್ಯ, ಒಬ್ಬ ಮರೆತರೆ ಉಳಿದವರು ನೆನಪಿಸುತ್ತೇವೆ ಎಂಬ ಅರ್ಥದ ಉತ್ತರ ಅವನಿಗೆ ದೊರೆಯಿತು.

ಅರಸರು ಶಾಸನಗಳಲ್ಲಿ ತಮ್ಮ ಗೆಲುವನ್ನೂ ದಾನವನ್ನೂ ಕೆತ್ತಿಸಿದರು. ಜಗಲಿಯ ಮೇಲಿನ ಹುಡುಗರನ್ನು ಕುರಿತು ಶಾಸನ ಹಾಕಿಸುವ ಆಲೋಚನೆ ಯಾರಿಗೂ ಬರಲಿಲ್ಲ. ಏಕೆಂದರೆ ಅದು ದಿನನಿತ್ಯದ ನೋಟವಾಗಿತ್ತು. ದಿನವೂ ಕಾಣುವುದನ್ನು ಮನುಷ್ಯ ಕಾಣದವನಂತಾಗುತ್ತಾನೆ. ಹೊರಗಿನಿಂದ ಬಂದವನಿಗೆ ಮಾತ್ರ ಅದರ ಬೆಲೆ ತಿಳಿಯುತ್ತದೆ. ದೆಲ್ಲಾ ವಾಲ್ಲೆಯು ರಾಜಸಭೆಯ ಕಡೆಗೆ ಮುಖ ಮಾಡಿ ಬಿರಬಿರನೆ ನಡೆದಿದ್ದರೆ ಆ ನಾಲ್ವರು ಹುಡುಗರು ಎಂದೆಂದಿಗೂ ಕಣ್ಮರೆಯಾಗುತ್ತಿದ್ದರು. ಆತ ನಿಂತನು, ಕೇಳಿದನು, ಉತ್ತರಕ್ಕೆ ಕಿವಿಗೊಟ್ಟನು. ಪ್ರವಾಸವಿದ್ಯೆಯ ಸಾರವು ಈ ಮೂರು ಕ್ರಿಯೆಗಳಲ್ಲಿದೆ.

ಅತಿಥಿಯಾಗುವುದೆಂದರೆ ಏನೆಂಬುದನ್ನು ರಷ್ಯಾ ದೇಶದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿಯ ಬಾಳು ತಿಳಿಸುತ್ತದೆ. 1470ರ ಆಸುಪಾಸಿನಲ್ಲಿ ಆತ ಒಂದು ಕುದುರೆಯನ್ನು ಮಾರುವ ಆಸೆಯಿಂದ ಬಹಮನೀ ರಾಜಧಾನಿಯಾದ ಬೀದರಿಗೆ ಬಂದನು. ಬೀದರಿನಲ್ಲಿ ಹಲವು ಹಿಂದೂಗಳ ಪರಿಚಯವಾದಾಗ, ತಾನು ಯಾರು, ತನ್ನ ಧರ್ಮ ಯಾವುದು ಎಂಬುದನ್ನು ಮುಚ್ಚಿಡದೆ ಹೇಳಿದನು. ಅಂದಿನಿಂದ ಅವರೂ ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವನಿಂದ ಮರೆಮಾಡಲಿಲ್ಲವೆಂದು ಬರೆದಿದ್ದಾನೆ. ಅವರೊಡನೆ ಆತ ಪರ್ವತವೆಂಬ ಕ್ಷೇತ್ರದ ಜಾತ್ರೆಗೂ ಹೋದನು; ಅದು ಶ್ರೀಶೈಲವೆಂದು ವಿದ್ವಾಂಸರು ಗುರುತಿಸಿದ್ದಾರೆ. ಕ್ರೈಸ್ತರಿಗೆ ಜೆರುಸಲೇಮ್ ಹೇಗೋ ಇವರಿಗೆ ಈ ಕ್ಷೇತ್ರ ಹಾಗೆ ಎಂದು ಆತ ತನ್ನವರಿಗೆ ತಿಳಿಯುವಂತೆ ವಿವರಿಸಿದನು. ತನ್ನ ನಂಬಿಕೆಯನ್ನು ಆತ ಬಿಡಲಿಲ್ಲ. ಇತರರ ನಂಬಿಕೆಯನ್ನು ಹಳಿಯಲೂ ಇಲ್ಲ. ತಾಯ್ನಾಡಿನ ದಾರಿಯಲ್ಲಿ, ಊರು ತಲುಪುವ ಮುನ್ನವೇ ತೀರಿಕೊಂಡ ಆ ಬಡ ವ್ಯಾಪಾರಿಯು ಉಳಿಸಿಹೋದ ಬರಹ ಇಂದು ಎರಡು ದೇಶಗಳ ಸಂಪತ್ತಾಗಿದೆ.

ಹೊರಗಿನವರು ಕನ್ನಡ ನಾಡನ್ನು ಕಂಡಂತೆ ಕನ್ನಡಿಗರೂ ಹೊರನಾಡನ್ನು ಕಂಡಿದ್ದಾರೆ. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಅಸಹಕಾರ ಚಳುವಳಿಯ ಕಾಲದಲ್ಲಿ ಕಾಲೇಜನ್ನು ತೊರೆದವರು. ಅಲ್ಲಿಂದ ಮುಂದೆ ತಿರುಗಾಟವೇ ಅವರ ವಿಶ್ವವಿದ್ಯಾಲಯವಾಯಿತು. ಯಕ್ಷಗಾನದ ಮರ್ಮವನ್ನು ಅರಿಯಲು ಹಳ್ಳಿಹಳ್ಳಿಗಳನ್ನು ಅಲೆದ ಕಾಲುಗಳೇ ಅವರನ್ನು ಉತ್ತರ ಭಾರತಕ್ಕೂ ಯೂರೋಪಿಗೂ ಕೊಂಡೊಯ್ದವು. ‘ಅಬುವಿನಿಂದ ಬರಾಮಕ್ಕೆ’, ‘ಅಪೂರ್ವ ಪಶ್ಚಿಮ’ ಎಂಬ ಪ್ರವಾಸ ಕಥನಗಳು ಆ ಸಂಚಾರದ ಫಲ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ರಚಿಸಿದವರೂ ಅವರೇ. 1997ರಲ್ಲಿ, 95 ವರ್ಷ ತುಂಬಿದ ಮೇಲೆ, ಅವರು ನಿಧನರಾದರು. ಅವರ ಪಾಲಿಗೆ ಪ್ರವಾಸವು ರಜೆಯ ವಿನೋದವಾಗಿರಲಿಲ್ಲ. ಮನೆಯಂಗಳದ ಕಲೆಯನ್ನೂ ಪರದೇಶದ ಕಲೆಯನ್ನೂ ಒಂದೇ ಆಸಕ್ತಿಯಿಂದ ನೋಡುವ ಜೀವನಕ್ರಮವಾಗಿತ್ತು.

ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ಎಪ್ಪತ್ತು ದಾಟಿದ ಬಳಿಕ ಅಮೆರಿಕವನ್ನು ಕಂಡವರು. ‘ಅಮೆರಿಕದಲ್ಲಿ ಗೊರೂರು’ ಎಂಬ ಅವರ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಆ ಹೆಸರಿನಲ್ಲಿ ಒಂದು ಸ್ವಾರಸ್ಯವಿದೆ. ಗೊರೂರು ಎಂಬುದು ಲೇಖಕರ ಹೆಸರೂ ಹೌದು, ಹೇಮಾವತಿಯ ದಂಡೆಯ ಒಂದು ಹಳ್ಳಿಯ ಹೆಸರೂ ಹೌದು. ಅಮೆರಿಕಕ್ಕೆ ಹೋದದ್ದು ಲೇಖಕರೊಬ್ಬರೇ ಅಲ್ಲ. ಅವರ ಹಳ್ಳಿಯೂ ಜೊತೆಯಲ್ಲಿ ಹೋಯಿತು. ಪರರ ಬದುಕಿನಲ್ಲಿ ಬೆರೆಯುವುದೆಂದರೆ ತನ್ನತನವನ್ನು ಕಳೆದುಕೊಳ್ಳುವುದೆಂದು ಕೆಲವರು ಅಂಜುತ್ತಾರೆ. ಹಾಗೇನೂ ಇಲ್ಲ. ತನ್ನ ಊರನ್ನು ಚೆನ್ನಾಗಿ ಬಲ್ಲವನಿಗೇ ಪರರ ಊರು ಚೆನ್ನಾಗಿ ಅರ್ಥವಾಗುತ್ತದೆ. ಅಳತೆಗೋಲಿಲ್ಲದವನು ಯಾವ ಹೊಲವನ್ನೂ ಅಳೆಯಲಾರ.

ಇವೆಲ್ಲ ಗಂಡಸರ ಸಾಹಸಗಳಾದುವು. ಹೆಣ್ಣುಮಕ್ಕಳು ಹೀಗೆ ಹೋಗುವುದು ಸಾಧ್ಯವೇ ಎಂಬ ಪ್ರಶ್ನೆ ಏಳುವುದು ಸಹಜ. ಈ ಪ್ರಶ್ನೆಗೆ ಲೇಖಕಿ ನೇಮಿಚಂದ್ರರು ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟಿದ್ದಾರೆ. ಬೆಂಗಳೂರಿನ ಎಚ್.ಎ.ಎಲ್. ಸಂಸ್ಥೆಯಲ್ಲಿ ಎಂಜಿನಿಯರಾಗಿ ದುಡಿದ ಅವರು ದಕ್ಷಿಣ ಅಮೆರಿಕದ ಪೆರು ದೇಶದವರೆಗೂ ಹೋಗಿ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಎಂಬ ಕೃತಿಯನ್ನು ರಚಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿಗೆ ಬಂದು ಸೇರಿದ ಯೆಹೂದಿ ಹುಡುಗಿಯೊಬ್ಬಳ ಕಥೆಯನ್ನುಳ್ಳ ‘ಯಾದ್ ವಶೇಮ್’ ಕಾದಂಬರಿಯೂ ಅವರದೇ. ಎಚ್ಚರ ಬೇಕು, ಸಿದ್ಧತೆ ಬೇಕು, ಹೋಗುವ ಸ್ಥಳದ ವಿಚಾರವನ್ನು ಮೊದಲೇ ಓದಿ ತಿಳಿದಿರಬೇಕು. ಇವು ಹೆಣ್ಣಿಗೂ ಗಂಡಿಗೂ ಸಮಾನವಾದ ನಿಯಮಗಳು. ಹೆಣ್ಣುಮಕ್ಕಳಿಗೆ ಅಪಾಯಗಳು ಹೆಚ್ಚೆಂಬುದು ಸುಳ್ಳಲ್ಲ. ಆದರೆ ಅಪಾಯವನ್ನು ತೋರಿಸಿ ಅವರನ್ನು ಮನೆಯಲ್ಲಿರಿಸುವುದಕ್ಕಿಂತ, ದಾರಿಗಳನ್ನು ನಿರ್ಭಯವಾಗಿಸುವುದು ಸಮಾಜಕ್ಕೆ ಶೋಭೆ ತರುವ ಕೆಲಸ.

ಆಹಾರದ ಮಾತಿಗೆ ಬಂದಾಗ ಆಕ್ಷೇಪಣೆಗಳು ಬಲವಾಗುತ್ತವೆ. ಕಂಡಕಂಡ ದೇಶದಲ್ಲಿ ಕಂಡದ್ದನ್ನು ತಿನ್ನುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಯಾರೂ ತಮ್ಮ ವ್ರತನಿಯಮಗಳನ್ನು ಮುರಿಯಬೇಕಾಗಿಲ್ಲ. ಧಾನ್ಯ, ಕಾಳು, ಸೊಪ್ಪು, ಗೆಡ್ಡೆಗಳು ಎಲ್ಲ ದೇಶಗಳ ಬಡವರ ಮನೆಯಲ್ಲೂ ಬೇಯುತ್ತವೆ. ಬಾಯಿಬಿಟ್ಟು ಕೇಳಿದವನಿಗೆ ಅವು ದೊರೆಯುತ್ತವೆ. ಆದರೆ ಪರಕೀಯವೆಂಬ ಕಾರಣಕ್ಕೇ ಒಂದು ಆಹಾರವನ್ನು ದೂರವಿಡುವವನು ತನ್ನ ಅಡುಗೆಮನೆಯನ್ನು ಒಮ್ಮೆ ಇಣುಕಿ ನೋಡಬೇಕು. ಹಾಸನದ ಹೊಲಗಳಲ್ಲಿ ಬೆಳೆಯುವ ಆಲೂಗಡ್ಡೆಯ ತವರು ಪೆರು ದೇಶದ ಆಂಡೀಸ್ ಪರ್ವತಸೀಮೆ. ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿಯ ಮೂಲವೂ ಅಮೆರಿಕ ಖಂಡವೇ. ಟೊಮೇಟೊ ಬಂದದ್ದೂ ಅಲ್ಲಿಂದಲೇ. ಚಿಕ್ಕಮಗಳೂರಿನ ಗಿರಿಗೆ ಮೊದಲ ಕಾಫಿ ಬೀಜಗಳನ್ನು ಬಾಬಾಬುಡನ್ ಎಂಬ ಸಂತರು ಅರಬ್ ನಾಡಿನಿಂದ ತಂದರೆಂಬ ಪ್ರತೀತಿಯಿದೆ. ಇಂದು ಅಚ್ಚ ಕನ್ನಡದ್ದೆನಿಸುವ ಸಾರಿನ ಪಾತ್ರೆಯಲ್ಲಿ ಹಲವು ಸಮುದ್ರಗಳನ್ನು ದಾಟಿ ಬಂದ ಪ್ರವಾಸಿಗಳೇ ಕುದಿಯುತ್ತಿದ್ದಾರೆ.

ಇನ್ನುಳಿದುದು ಹಣದ ಪ್ರಶ್ನೆ. ಇದು ಎಲ್ಲಕ್ಕಿಂತ ಕಠಿಣವಾದುದು. ವಿಮಾನದ ಟಿಕೆಟ್ಟು, ಪರದೇಶದ ವೀಸಾ, ವಸತಿ ಇವುಗಳ ವೆಚ್ಚವನ್ನು ಭರಿಸಲಾಗದ ಕುಟುಂಬಗಳೇ ಈ ನಾಡಿನಲ್ಲಿ ಹೆಚ್ಚು. ಹಾಗಾದರೆ ಬಡವರ ಮಕ್ಕಳಿಗೆ ಪ್ರವಾಸವಿದ್ಯೆಯ ಅಧಿಕಾರವಿಲ್ಲವೇ? ಇದೆ. ಆ ವಿದ್ಯೆಯ ಮೊದಲ ಪಾಠಗಳಿಗೆ ಮನೆಯ ಮುಂದಿನ ಬೀದಿಯೇ ಸಾಕು.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ನಂದಿನಿ ಲೇಔಟನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ಪ್ರವಾಸಿಗಳ ಪುಸ್ತಕಗಳಲ್ಲಿ ಹೆಸರು ಪಡೆದ ಸ್ಥಳವೇನೂ ಅಲ್ಲ; ಮಧ್ಯಮವರ್ಗದವರೂ ಶ್ರಮಜೀವಿಗಳೂ ವಾಸಿಸುವ ಸಾಧಾರಣ ಬಡಾವಣೆ. ಆದರೆ ಅದರ ಅಂಚಿನಲ್ಲೇ ಹೊರವರ್ತುಲ ರಸ್ತೆ ಹಾಯ್ದಿದೆ. ಸಮೀಪದಲ್ಲಿ ದೂರದ ರಾಜ್ಯಗಳ ರೈಲುಗಳು ಬಂದು ನಿಲ್ಲುವ ಯಶವಂತಪುರವಿದೆ. ಇನ್ನೊಂದು ದಿಕ್ಕಿನಲ್ಲಿ ಸಹಸ್ರಾರು ಜನಕ್ಕೆ ಅನ್ನ ಕೊಡುವ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ಕಂಠೀರವ ಸ್ಟುಡಿಯೋದ ಆವರಣದಲ್ಲಿರುವ ಡಾ. ರಾಜಕುಮಾರರ ಸಮಾಧಿಯನ್ನು ಕಾಣಲು ನಾಡಿನ ಮೂಲೆಮೂಲೆಗಳಿಂದ ಜನ ಬರುತ್ತಾರೆ. ಬೀದರಿನ ಕನ್ನಡ, ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಚಾಮರಾಜನಗರದ ಕನ್ನಡ ಅಲ್ಲಿಯ ಸಾಲಿನಲ್ಲಿ ಒಂದರ ಹಿಂದೆ ಒಂದು ನಿಲ್ಲುತ್ತವೆ. ಕಿವಿಯುಳ್ಳ ವಿದ್ಯಾರ್ಥಿಗೆ ಆ ಸಾಲೇ ಒಂದು ಕರ್ನಾಟಕ ಪ್ರವಾಸ.

ಅಂತಹ ಬಡಾವಣೆಯ ಕಟ್ಟಡ ಕೆಲಸಗಳಲ್ಲಿ, ಗಾರೆ ಬಾಂಡಲಿಗಳ ನಡುವೆ, ಕಲ್ಯಾಣ ಕರ್ನಾಟಕದಿಂದ ಬಂದವರಿರುತ್ತಾರೆ. ಆಂಧ್ರ, ತಮಿಳುನಾಡು, ಒಡಿಶಾ, ಬಿಹಾರ, ಬಂಗಾಳಗಳಿಂದ ಬಂದವರೂ ಇರುತ್ತಾರೆ. ಪ್ರವಾಸದ ಕಥೆಗಳಲ್ಲಿ ಇವರ ಹೆಸರಿಲ್ಲ. ಆದರೆ ನಿಜದಲ್ಲಿ ಇವರಿಗಿಂತ ದೊಡ್ಡ ಪ್ರವಾಸಿಗಳು ವಿರಳ. ಯಾವ ಕಂಪನಿಯೂ ಇವರಿಗಾಗಿ ಬಸ್ಸು ನಿಲ್ಲಿಸಿರಲಿಲ್ಲ. ಗೊತ್ತಿಲ್ಲದ ಊರಿನಲ್ಲಿ ಇಳಿದು, ತಿಳಿಯದ ಭಾಷೆಯನ್ನು ಕೇಳಿ ಕಲಿತು, ಪರಿಚಯವಿಲ್ಲದ ಅನ್ನವನ್ನು ಉಂಡು, ಇವರು ಬದುಕನ್ನು ಕಟ್ಟಿಕೊಂಡಿದ್ದಾರೆ. ನಿಕಿತಿನ್ ಒಂದು ಕುದುರೆಯನ್ನು ನಂಬಿ ಬಂದನು. ಇವರು ತಮ್ಮ ಎರಡು ಕೈಗಳನ್ನು ನಂಬಿ ಬಂದರು. ಬೀದರಿನ ಜನ ನಿಕಿತಿನ್‌ನಿಗೆ ತಮ್ಮ ಮನೆಯ ಬಾಗಿಲನ್ನು ತೆರೆದರು. ಇಂದಿನ ಬಡಾವಣೆಗಳು ಈ ಪ್ರವಾಸಿಗಳಿಗೆ ಏನನ್ನು ತೆರೆದಿವೆ ಎಂಬುದು ಯೋಚಿಸಬೇಕಾದ ಪ್ರಶ್ನೆ.

ಈ ವಿಚಾರದಲ್ಲಿ ಕರ್ತವ್ಯ ಎರಡು ಕಡೆಗೂ ಇದೆ. ದುಡಿಯಲು ಬಂದವನಿರಲಿ, ದೊಡ್ಡ ಹುದ್ದೆಗೆ ಬಂದವನಿರಲಿ, ಹತ್ತು ವರ್ಷ ಬೆಂಗಳೂರಿನಲ್ಲಿದ್ದೂ ಕನ್ನಡದ ಹತ್ತು ಮಾತುಗಳನ್ನು ಕಲಿಯದವನು ಈ ಊರನ್ನು ತಲುಪಿಯೇ ಇಲ್ಲವೆನ್ನಬೇಕು. ಅವನ ದೇಹ ಬಂದಿದೆ, ಮನಸ್ಸು ಬಂದಿಲ್ಲ. ಅಂತೆಯೇ ಹೊಸಬನು ತಡವರಿಸುತ್ತ ಕನ್ನಡದಲ್ಲಿ ಮಾತನಾಡಿದಾಗ ನಗುವವನು, ಅವನಿಗೆ ಒಂದು ಮಾತನ್ನೂ ಕಲಿಸದೆ ಮೂದಲಿಸುವವನು, ಒಳ್ಳೆಯ ಆತಿಥೇಯನಲ್ಲ. ಭಾಷೆಯು ಜಗಳದಿಂದ ಹರಡುವುದಿಲ್ಲ. ಗೇರುಸೊಪ್ಪೆಯ ಘಟ್ಟದ ಹುಡುಗರು ವಿದೇಶಿಯ ಪ್ರಶ್ನೆಗೆ ಬೆಚ್ಚಿ ಓಡಲಿಲ್ಲ, ಹಾಸ್ಯ ಮಾಡಲಿಲ್ಲ. ತಮ್ಮ ವಿದ್ಯೆಯ ಗುಟ್ಟನ್ನು ಹಂಚಿಕೊಂಡರು. ಆದುದರಿಂದ ಅವರ ಮಾತು ರೋಮ್ ನಗರದವರೆಗೂ ಹೋಯಿತು.

ವಿದ್ಯಾರ್ಥಿಯಾದವನು ತನ್ನ ಪ್ರವಾಸವನ್ನು ಇಂದೇ ಆರಂಭಿಸಬಹುದು. ತನ್ನ ಬೀದಿಯಲ್ಲಿ ಎಷ್ಟು ಭಾಷೆಗಳಿವೆಯೆಂದು ಮೊದಲು ಎಣಿಸಲಿ. ನೀರಿಗೆ ಏನನ್ನುತ್ತಾರೆಂದು ನೆರೆಯವರನ್ನು ಕೇಳಲಿ. ತೆಲುಗಿನವರು ನೀಳ್ಳು ಎಂದಾರು, ತಮಿಳರು ತಣ್ಣೀರ್ ಎಂದಾರು, ಒಡಿಶಾದವರು ಪಾಣಿ ಎಂದಾರು, ಬಂಗಾಳದವರು ಜಲ್ ಎಂಬ ಪದವನ್ನು ಜೋಲ್ ಎಂದು ಉಚ್ಚರಿಸಿ ತೋರಿಸಿಯಾರು. ಕೇಳಿದ ನಾಲ್ಕು ಪದಗಳಲ್ಲಿ ಎರಡು ಕನ್ನಡದ ನೀರಿಗೆ ನಂಟಿರುವುದನ್ನು ಅವನೇ ಕಂಡುಕೊಂಡಾನು. ಆ ಬಳಿಕ ಅವರ ಊರು ಭೂಪಟದಲ್ಲಿ ಎಲ್ಲಿದೆಯೆಂದು ಹುಡುಕಲಿ. ಅಲ್ಲಿಯ ನದಿ ಯಾವುದು, ಬೆಳೆ ಯಾವುದು, ಹಬ್ಬ ಯಾವುದು ಎಂದು ವಿಚಾರಿಸಲಿ. ತಿಳಿದದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಇಬ್ನ್ ಬತೂತನ ಗ್ರಂಥವೂ ದೆಲ್ಲಾ ವಾಲ್ಲೆಯ ಪತ್ರಗಳೂ ಇಂತಹ ಸಣ್ಣ ವಿಚಾರಣೆಗಳ ಮೊತ್ತವೇ ಆಗಿವೆ.

ಈ ಪಾಠಗಳನ್ನು ಕಲಿತವನಿಗೆ ಮುಂದೊಂದು ದಿನ ದೂರದ ದೇಶಕ್ಕೆ ಹೋಗುವ ಅವಕಾಶ ಒದಗಿದರೆ ಅವನು ಅಲ್ಲಿ ಪರಕೀಯನಾಗಿ ನಿಲ್ಲುವುದಿಲ್ಲ. ಪೆರುವಿನ ಸಂತೆಯಲ್ಲಿ ಆಲೂಗಡ್ಡೆ ಮಾರುವ ಮುದುಕಿಯನ್ನು ಮಾತನಾಡಿಸುವ ಬಗೆ ಅವನಿಗೆ ತಿಳಿದಿರುತ್ತದೆ. ಏಕೆಂದರೆ ತನ್ನ ಬೀದಿಯಲ್ಲಿ ಸೊಪ್ಪು ಮಾರುವ ಅಜ್ಜಿಯನ್ನು ಆತ ಮಾತನಾಡಿಸಿರುತ್ತಾನೆ. ಅವಕಾಶ ಒದಗದಿದ್ದರೂ ಅವನಿಗೆ ನಷ್ಟವಿಲ್ಲ. ಲೋಕವೇ ಅವನ ಬಳಿಗೆ ಬರುತ್ತಿದೆ, ಅದನ್ನು ಬರಮಾಡಿಕೊಳ್ಳುವ ವಿದ್ಯೆ ಅವನಲ್ಲಿದೆ. ಬೀದಿಯ ತಿರುವಿನಲ್ಲಿ ಒಬ್ಬ ಅಪರಿಚಿತನು ಚೀಟಿಯನ್ನು ಹಿಡಿದು ವಿಳಾಸ ಹುಡುಕುತ್ತ ನಿಂತಿರುತ್ತಾನೆ. ಅವನ ಕೈಯ ಚೀಟಿಯನ್ನು ಓದಿ ದಾರಿ ತೋರಿಸಿ, ಯಾವ ಊರಿನಿಂದ ಬಂದಿರಿ ಎಂದು ಆದರದಿಂದ ಕೇಳುವ ಹುಡುಗನು ಅಥವಾ ಹುಡುಗಿಯು ಈಗಾಗಲೇ ಪ್ರವಾಸ ಹೊರಟಾಗಿದೆ.